ಇನ್ನೂರ ಮೂರು ಎಲ್ಲಿ ಹೋಯಿತು?

ಬೆಳಗಿನ ಆರು ಗಂಟೆ. ಮದರಾಸಿನ ಚಿಂತಾದ್ರಿಪೇಟೆಯ ಈ ಅಚ್ಚುಕೂಟದಲ್ಲಿ ಯಂತ್ರಗಳು ಇನ್ನೂ ಶುರುವಾಗಿಲ್ಲ. ಮೂಡಣ ಕಿಟಕಿಯ ಪಕ್ಕದ ಮೇಜಿಗೆ ಜಲಜಾಕ್ಷಿ ಬಂದು ಕೂತು ಆಗಲೇ ಕಾಲು ಗಂಟೆಯಾಗಿದೆ. ಬಲಗಡೆ ಕರಡಚ್ಚಿನ ಉದ್ದುದ್ದ ಹಾಳೆಗಳು, ಎಡಗಡೆ ಗೆರೆ ಎಳೆದ ದಪ್ಪ ನೋಟುಬುಕ್ಕು, ಕೈಯಲ್ಲಿ ಎರಡು ಪೆನ್ಸಿಲು. ಒಂದು ನೀಲಿ, ಒಂದು ಕೆಂಪು. ತುಟಿ ಮಾತ್ರ ಅಲ್ಲಾಡುತ್ತಿದೆ. ಹದಿನಾಲ್ಕು ಉಂಟು, ಹದಿನೈದು ಉಂಟು, ಹದಿನಾರು ಉಂಟು ಎಂದು ಹೇಳುತ್ತ ಹೋದವರು ಒಮ್ಮೆಲೇ ನಿಲ್ಲುತ್ತಾರೆ. ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ.

“ಹದಿನಾರು ಎರಡು ಉಂಟು,” ಎನ್ನುತ್ತಾರೆ, ನನಗಲ್ಲ, ಹಾಳೆಗೆ.

ಅವರಿಗೆ ಈಗ ನಲವತ್ತೊಂದು ವರ್ಷ. ಈ ಅಚ್ಚುಕೂಟದಲ್ಲಿ ಅಚ್ಚಾಗುವುದು ಹೆಚ್ಚಾಗಿ ಗಣಿತದ ಪುಸ್ತಕಗಳು. ಪದಗಳನ್ನು ಯಂತ್ರ ಎರಕ ಹೊಯ್ಯುತ್ತದೆ. ಸಮೀಕರಣಗಳನ್ನು ಮಾತ್ರ ಮನುಷ್ಯರು ಒಂದೊಂದೇ ಅಚ್ಚುಮೊಳೆ ಎತ್ತಿ ಕೈಯಿಂದ ಜೋಡಿಸಬೇಕು. ಮುಖ್ಯವಾದ ಪ್ರತಿ ಸಮೀಕರಣಕ್ಕೂ ಬಲ ಅಂಚಿನಲ್ಲಿ, ಆವರಣದೊಳಗೆ, ಒಂದು ಸಂಖ್ಯೆ ಇರುತ್ತದೆ. ಮುಂದೆ ಎಲ್ಲೋ ನೂರು ಪುಟ ದಾಟಿದ ಮೇಲೆ ಲೇಖಕರು “(4.16)ರಿಂದ ಇದು ಸಿದ್ಧವಾಗುತ್ತದೆ” ಎಂದು ಒಂದು ಮಾತು ಬರೆದು ಮುಂದೆ ಹೋಗಿಬಿಡುತ್ತಾರೆ. ಓದುವ ವಿದ್ಯಾರ್ಥಿ ಹಿಂದಕ್ಕೆ ಹೋಗಿ 4.16 ಅನ್ನು ಹುಡುಕುತ್ತಾನೆ. ಅಲ್ಲಿ ಅದೇ ಇರಬೇಕು. ಅದೇ ಇದೆಯೇ ಎಂದು ನೋಡುವುದು ಜಲಜಾಕ್ಷಿಯ ಕೆಲಸ. ಸಮೀಕರಣ ಮೊದಲು ಬಂದ ಜಾಗಕ್ಕೆ ನೀಲಿ ಗುರುತು, ಅದನ್ನು ಮುಂದೆ ನೆನೆಸಿಕೊಂಡ ಪ್ರತಿ ಜಾಗಕ್ಕೂ ಕೆಂಪು ಗುರುತು.

ಇಷ್ಟನ್ನು ಬರೆಯುವಷ್ಟು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಮೊದಲ ದಿನ ಈ ಹೆಂಗಸು ಏನು ಮಾಡುತ್ತಿದ್ದಾರೆಂದೇ ಗೊತ್ತಾಗಲಿಲ್ಲ. ಎರಡನೆಯ ದಿನ ಗೊತ್ತಾಯಿತು ಅಂದುಕೊಂಡೆ. ಮೂರನೆಯ ದಿನ, ಈ ಗಣಿತ ನಿಮಗೆ ಅರ್ಥವಾಗುತ್ತದೆಯೇ ಎಂದು ಕೇಳಿ ಮತ್ತೆ ಗೊಂದಲಕ್ಕೆ ಬಿದ್ದೆ.

“ಎಲ್ಲಿಂದ ಅರ್ಥ ಆಗೂದು ಸಾರ್? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇದು ಎಂತದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ಒಂದು ಸಲ ಕಂಡದ್ದನ್ನು ಇನ್ನೊಂದು ಕಡೆ ಕಂಡ್ರೆ ಗುರ್ತ ಸಿಗ್ತದೆ.”

ಹುಟ್ಟೂರು ಉಡುಪಿಯ ಹತ್ತಿರದ ಕಟಪಾಡಿ. ಮದುವೆಯಾಗಿ ಮದರಾಸಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಗಂಡ ಕಿಟ್ಟಣ್ಣ ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಅಡುಗೆಯವರು. ಐವತ್ತಮೂರರ ಚಳಿಗಾಲದಲ್ಲಿ ವಡೆಯ ಬಾಣಲೆ ಮಗುಚಿ ಕಿಟ್ಟಣ್ಣನ ಬಲಗೈ ಮೊಣಕೈತನಕ ಸುಟ್ಟುಹೋಯಿತು. ಒಂದೂವರೆ ವರ್ಷ ಅವರು ಸೌಟು ಹಿಡಿಯಲಿಲ್ಲ. ಆಗ ಮೆಸ್ಸಿಗೆ ಊಟಕ್ಕೆ ಬರುತ್ತಿದ್ದ ವಿಷ್ಣುಮೂರ್ತಿ ಎಂಬ ಹಿರಿಯರು ಈ ಅಚ್ಚುಕೂಟದಲ್ಲಿ ಕರಡು ತಿದ್ದುವವರಾಗಿದ್ದರು. ಅವರ ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳಲು ಒಬ್ಬರು ಬೇಕಾಗಿತ್ತು. ಇಂಗ್ಲಿಷ್ ಅಕ್ಷರ ಗೊತ್ತಿದ್ದರೆ ಸಾಕು, ಅರ್ಥ ಗೊತ್ತಿರಬೇಕಾಗಿಲ್ಲ ಎಂದರು. ಅರ್ಥ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇದ್ದದ್ದನ್ನು ಇದ್ದ ಹಾಗೆ ಓದುತ್ತಾರೆ ಎಂದೂ ಸೇರಿಸಿದರು.

ಹಾಗೆ ಐದು ವರ್ಷ ಜಲಜಾಕ್ಷಿ ಓದಿ ಹೇಳಿದರು. ಕಂಸ ಶುರು, ಕಂಸ ಮುಗಿಯಿತು, ಮೇಲೆ ಎರಡು, ಕೆಳಗೆ ಐ, ಆಲ್ಫಾ, ಬೀಟಾ, ಉದ್ದ ಗೆರೆ, ಕೆಳಗೆ ಮತ್ತೆ ಅದೇ. ಐವತ್ತೊಂಬತ್ತರಲ್ಲಿ ಕಣ್ಣಿಗೆ ಪೊರೆ ಬಂದು ವಿಷ್ಣುಮೂರ್ತಿ ಊರಿಗೆ ಹೊರಟರು. ಹೋಗುವಾಗ ಯಜಮಾನರ ಹತ್ತಿರ, ಪದ ನೋಡಲು ಯಾರನ್ನಾದರೂ ಇಟ್ಟುಕೊಳ್ಳಿ, ಸಂಖ್ಯೆ ಮಾತ್ರ ಈ ಹುಡುಗಿಗೇ ಬಿಡಿ ಎಂದು ಹೇಳಿ ಹೋದರು. ಯಜಮಾನರು ಗಂಗಾಧರಪ್ಪನವರು. ದಾವಣಗೆರೆ ಕಡೆಯ ಮನೆತನ, ತಂದೆಯ ಕಾಲಕ್ಕೆ ಮದರಾಸಿಗೆ ಬಂದವರು. ಅವರು ಅನುಮಾನದಲ್ಲೇ ಒಪ್ಪಿಕೊಂಡರಂತೆ.

ಬೆಳಿಗ್ಗೆ ನಾಲ್ಕಕ್ಕೆ ಗಂಡನ ಜೊತೆ ಏಳುವುದು, ಐದಕ್ಕೆ ತ್ರಿಪ್ಲಿಕೇನಿನಿಂದ ನಡೆದು ಹೊರಡುವುದು, ಎಂಟಕ್ಕೆ ಯಂತ್ರಗಳು ನೆಲ ನಡುಗಿಸಲು ಶುರು ಮಾಡುವುದರೊಳಗೆ ನೂರಿಪ್ಪತ್ತು ಸಂಖ್ಯೆ ಮುಗಿಸುವುದು. ಆಮೇಲೆ ಸಂಜೆ ಐದರವರೆಗೆ ಇನ್ನೊಂದು ಇನ್ನೂರು. ಇಷ್ಟು ಸುಸೂತ್ರವಾಗಿ ನಡೆಯುವುದು ಲೇಖಕರು ಸುಮ್ಮನಿದ್ದರೆ. ಲೇಖಕರು ಸುಮ್ಮನಿರುವುದಿಲ್ಲ. ಕೊನೆಯ ಕರಡಿನಲ್ಲಿ ಒಂದು ಸಮೀಕರಣ ಹೊಸದಾಗಿ ತುರುಕುತ್ತಾರೆ.

“ಪಂಕ್ತಿಯಲ್ಲಿ ನಡುವೆ ಒಬ್ಬರಿಗೆ ಎಲೆ ಹಾಕಿದ್ರೆ ಆಚೆಯವರೆಲ್ಲ ಒಂದೊಂದು ಎಲೆ ಸರೀಬೇಕಲ್ವಾ, ಹಾಗೆ. ಸರಿದು ಕೂತ ಮೇಲೆ ಯಾರಿಗೆ ಪಾಯಸ ಆಗಿದೆ, ಯಾರಿಗೆ ಆಗ್ಲಿಲ್ಲ ಅಂತ ಬಡಿಸುವವನಿಗೆ ಗೊತ್ತಿರ್ಬೇಕು.”

ಮಗಳು ಸುಗುಣಾ ಒಂಬತ್ತನೆಯ ತರಗತಿ. ತಾಯಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ತಾಯಿಯ ಕೆಲಸ ಏನೆಂದು ಅವಳನ್ನು ಕೇಳಿದೆ. “ಅಮ್ಮಾವುಕ್ಕು ನಂಬರ್‌ದಾನ್ ತೆರಿಯುಂ, ಕಣಕ್ಕು ತೆರಿಯಾದು,” ಎಂದಳು. ಅಮ್ಮನಿಗೆ ನಂಬರು ಗೊತ್ತು, ಲೆಕ್ಕ ಗೊತ್ತಿಲ್ಲ. ಇದಕ್ಕಿಂತ ಸರಿಯಾದ ವಿವರಣೆ ನನಗೆ ಈ ಊರಿನಲ್ಲಿ ಬೇರೆ ಯಾರಿಂದಲೂ ಸಿಗಲಿಲ್ಲ.

ಆದರೆ ನಾನು ಇವರನ್ನು ಹುಡುಕಿಕೊಂಡು ಬಂದದ್ದು ಬೇರೆ ಒಂದು ಸಂಗತಿಗಾಗಿ. ಮೂರು ವರ್ಷದ ಹಿಂದಿನದು. ಅಡ್ಯಾರಿನ ಪ್ರೊಫೆಸರ್ ರಘುರಾಮ ಅವರ ಪುಸ್ತಕದ ಕಥೆ.

ರಘುರಾಮ ನಿವೃತ್ತ ಗಣಿತದ ಪ್ರಾಧ್ಯಾಪಕರು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಇರುವ ಕನ್ನಡದ ಮನೆ. ಇಪ್ಪತ್ತು ವರ್ಷ ಪಾಠ ಹೇಳಿದ್ದನ್ನೆಲ್ಲ ಒಂದು ಪುಸ್ತಕ ಮಾಡಲು ಕೂತರು. ಒಂಬತ್ತು ಅಧ್ಯಾಯ. ಮೊದಲು ಸಮೀಕರಣಗಳಿಗೆ ಒಂದರಿಂದ ಶುರುಮಾಡಿ ಕೊನೆಯತನಕ ಒಂದೇ ಸಾಲಾಗಿ ಸಂಖ್ಯೆ ಕೊಟ್ಟಿದ್ದರು. ಬರೆಯುತ್ತ ಬರೆಯುತ್ತ ಮನಸ್ಸು ಬದಲಾಯಿತು. ಅಧ್ಯಾಯಕ್ಕೊಂದು ಸಾಲು ಇರಲಿ, ನಾಲ್ಕನೆಯ ಅಧ್ಯಾಯದ ಹದಿನಾರನೆಯದು 4.16 ಎಂದಾಗಲಿ ಎಂದುಕೊಂಡರು. ಮೊದಲ ಐದು ಅಧ್ಯಾಯಗಳನ್ನು ಹಾಗೆಯೇ ಹೊಸದಾಗಿ ಬರೆದು ಹಳೆಯ ಹಾಳೆಗಳನ್ನು ನೀರೊಲೆಗೆ ಹಾಕಿಸಿದರು. ಆರರಿಂದ ಒಂಬತ್ತರವರೆಗೆ ಸಮೀಕರಣಗಳ ಸಂಖ್ಯೆಗಳನ್ನೇನೋ ಹಾಳೆಯ ಮೇಲೆಯೇ ಕೆರೆದು ತಿದ್ದಿದರು. ಆದರೆ ವಾಕ್ಯಗಳ ಒಳಗೆ ಅಲ್ಲಲ್ಲಿ ಹಳೆಯ ಸಂಖ್ಯೆಗಳು ಉಳಿದುಬಿಟ್ಟವು. “(147)ರಿಂದ” ಎಂದು ಏಳನೆಯ ಅಧ್ಯಾಯದಲ್ಲಿದೆ. ಪುಸ್ತಕದಲ್ಲಿ 147 ಎಂಬುದೇ ಇಲ್ಲ. ಅದೀಗ 4.3 ಆಗಿರಬಹುದು, 5.11 ಆಗಿರಬಹುದು. ಕರಡು ನೋಡುವಾಗ ತಿದ್ದಿಕೊಡುತ್ತೇನೆ ಎಂದು ಪ್ರೊಫೆಸರ್ ಮಾತು ಕೊಟ್ಟಿದ್ದರು. ಐದು ಅಧ್ಯಾಯದ ಕರಡು ತಿದ್ದಿಯೂ ಕೊಟ್ಟರು. ಆರನೆಯದರ ಹಾಳೆಗಳು ಅವರ ಮನೆಗೆ ಹೋದ ವಾರ, ಅರವತ್ತೊಂದರ ಮಾರ್ಚಿನಲ್ಲಿ, ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು.

ಜಲಜಾಕ್ಷಿ ಎಣಿಸಿದರು. ದಿಕ್ಕಿಲ್ಲದ ಉಲ್ಲೇಖಗಳು ಅರವತ್ತಮೂರು.

ಗಂಗಾಧರಪ್ಪನವರು ಕಾಲೇಜಿನ ಒಬ್ಬ ಅಧ್ಯಾಪಕರನ್ನು ಕರೆಸಿದರು. ಅವರು ಎರಡು ದಿನ ಹಾಳೆ ತಿರುವಿ, ಇದನ್ನು ಪೂರ್ತಿ ಓದಿ ಅರ್ಥಮಾಡಿಕೊಳ್ಳಲು ತನಗೆ ವರ್ಷ ಬೇಕು, ಬರೆದವರನ್ನೇ ಕೇಳಬೇಕು ಎಂದು ಕೈಚೆಲ್ಲಿದರು. ಬರೆದವರನ್ನು ಕೇಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮೇ ತಿಂಗಳ ಒಂದು ಭಾನುವಾರ ಜಲಜಾಕ್ಷಿ ಕರಡಿನ ಕಟ್ಟು ಹಿಡಿದು ಅಡ್ಯಾರಿನ ಬಸ್ಸು ಹತ್ತಿದರು.

ಆ ಮೊದಲ ದಿನವನ್ನು ಅವರು ಈಗಲೂ ಪೆಚ್ಚಾಗಿಯೇ ಹೇಳುತ್ತಾರೆ. ಪ್ರೊಫೆಸರು ಜಗಲಿಯ ಆರಾಮಕುರ್ಚಿಯಲ್ಲಿದ್ದರು. ಇವರು ಎದುರಿನ ಸ್ಟೂಲಿನಲ್ಲಿ ಕೂತು, ಸಾರ್, 147 ಅಂದರೆ ಈಗ ಎಷ್ಟನೆಯದು ಎಂದು ಕೇಳಿದರು. ಪ್ರೊಫೆಸರು ಇವರ ಮುಖ ನೋಡಿ ಸ್ಪಷ್ಟವಾಗಿ “ಏಳು” ಎಂದರು.

ಜಲಜಾಕ್ಷಿ ಎದ್ದು ನಿಂತರು. ದೊಡ್ಡವರ ಎದುರು ಕೂತದ್ದು ತಪ್ಪಾಯಿತೇನೋ ಅಂದುಕೊಂಡರು. ನಿಂತೇ ಮುಂದಿನದನ್ನು ಕೇಳಿದರು. ಅದಕ್ಕೂ “ಏಳು”. ಮೂರನೆಯದಕ್ಕೂ “ಏಳು”. ಈ ಸಲ ದನಿ ಜೋರಾಗಿತ್ತು. ಮನೆಯಿಂದಲೇ ಏಳು ಎನ್ನುತ್ತಿದ್ದಾರೆಂದು ತಿಳಿದು ಚಪ್ಪಲಿ ಮೆಟ್ಟಿ ಗೇಟಿನತನಕ ಹೋದರು. ಒಳಗಿಂದ ಪ್ರೊಫೆಸರರ ಹೆಂಡತಿ ವೆಂಕಟಲಕ್ಷ್ಮಿ ಓಡಿ ಬಂದು ಕೈ ಹಿಡಿದು ನಿಲ್ಲಿಸಿದರು.

“ನಿನ್ನನ್ನು ಎದ್ದುಹೋಗು ಅನ್ನಲಿಲ್ಲಮ್ಮ ಅವರು. ಅವರ ಬಾಯಲ್ಲಿ ಅದೊಂದೇ ವಾರ್ತೈ, ಅದೊಂದೇ ಮಾತು ಉಳಿದಿರೋದು. ಕಾಪಿಗೂ ಏಳು, ಕುಡಿಯೋ ತಣ್ಣಿಗೂ ಏಳು, ನನ್ನ ಹೆಸರೂ ಏಳೇ. ಮನಸಲ್ಲಿ ಎಲ್ಲಾ ಇದೆ, ಬರೋದು ಮಾತ್ರ ಅದು.”

ಜಲಜಾಕ್ಷಿ ಆ ದಿನ ಬಸ್ಸಿನಲ್ಲಿ ಹಿಂತಿರುಗುವಾಗ ಇದನ್ನೇ ಯೋಚಿಸುತ್ತಿದ್ದರಂತೆ. ಮನಸ್ಸಿನಲ್ಲಿ ಎಲ್ಲ ಇದ್ದರೆ ಹೊರಗೆ ತೆಗೆಯುವುದು ಹೇಗೆ? ಅವರಿಗೆ ಗಣಿತ ಗೊತ್ತು, ಮಾತಿಲ್ಲ. ತನಗೆ ಮಾತು ಬರುತ್ತದೆ, ಗಣಿತ ಗೊತ್ತಿಲ್ಲ. ಬುಧವಾರದ ಹೊತ್ತಿಗೆ ಒಂದು ದಾರಿ ಹೊಳೆಯಿತು. ಅಚ್ಚುಕೂಟದಲ್ಲಿ ಕೆಟ್ಟುಹೋದ ಮದುವೆ ಕಾಗದಗಳ ರಟ್ಟು ಬೇಕಾದಷ್ಟು ಬಿದ್ದಿರುತ್ತದೆ. ಹೆಚ್ಚುವರಿ ಕರಡಿನಿಂದ ಸಮೀಕರಣಗಳನ್ನು ಕತ್ತರಿಸಿ ಒಂದೊಂದನ್ನೂ ಒಂದೊಂದು ರಟ್ಟಿಗೆ ಅಂಟಿಸಿದರು. ಸಂಖ್ಯೆಯನ್ನು ಮುಂದೆ ಕಾಣದ ಹಾಗೆ ಹಿಂದುಗಡೆ ಬರೆದರು.

ಮುಂದಿನ ಭಾನುವಾರ ಹೋದವರು ಸಂಖ್ಯೆಯ ಮಾತೇ ಎತ್ತಲಿಲ್ಲ. ಉಲ್ಲೇಖ ಇದ್ದ ವಾಕ್ಯವನ್ನು, ಅದರ ಹಿಂದಿನ ಮುಂದಿನ ಸಾಲುಗಳನ್ನು, ವಿಷ್ಣುಮೂರ್ತಿಗೆ ಓದಿ ಹೇಳುತ್ತಿದ್ದ ಹಾಗೆಯೇ ಗಟ್ಟಿಯಾಗಿ ಓದಿದರು. ಆಮೇಲೆ ಅಲ್ಲಿ ಹೊಂದಬಹುದೆಂದು ಅಕ್ಷರಗಳ ಮೇಲಿಂದ ತನಗೆ ತೋರಿದ ಆರೇಳು ರಟ್ಟುಗಳನ್ನು ಪ್ರೊಫೆಸರರ ಮಡಿಲ ಹಲಗೆಯ ಮೇಲೆ ಹರಡಿದರು. ಪ್ರೊಫೆಸರು ಬಹಳ ಹೊತ್ತು ನೋಡಿದರು. ಎಡಗೈ ಎತ್ತಿ ಒಂದು ರಟ್ಟಿನ ಮೇಲೆ ಬೆರಳಿಟ್ಟರು. “ಏಳು,” ಎಂದರು. ತಿರುಗಿಸಿದರೆ ಹಿಂದೆ 4.9 ಎಂದಿತ್ತು.

ಸರಿಯೋ ತಪ್ಪೋ ಇವರಿಗೆ ತಿಳಿಯುವ ಬಗೆಯಿಲ್ಲ. ಆ ದಿನದ ಐದು ಉತ್ತರಗಳನ್ನು ಕಾಲೇಜಿನ ಅಧ್ಯಾಪಕರಿಗೆ ಕಳಿಸಿದರು. ಅವರು ಐದನ್ನೂ ಕೂತು ಪರೀಕ್ಷಿಸಿ, ಐದೂ ಸರಿ ಎಂದು ಹೇಳಿ ಕಳಿಸಿದರು. ಹತ್ತು ಭಾನುವಾರ ಹೀಗೆ ನಡೆಯಿತು. ಒಂದು ದಿನ ಆರು, ಒಂದು ದಿನ ಎಂಟು. ಪ್ರೊಫೆಸರು ದಣಿದರೆ ರಟ್ಟುಗಳನ್ನು ಸರಿಸುತ್ತಿದ್ದರು, ಅಲ್ಲಿಗೆ ಮುಗಿಸಬೇಕು. ಜುಲೈ ಕೊನೆಗೆ ಅರವತ್ತೆರಡು ಉಲ್ಲೇಖಗಳು ಮನೆ ಸೇರಿದವು. ಉಳಿದದ್ದು ಒಂದು. ಎಂಟನೆಯ ಅಧ್ಯಾಯದಲ್ಲಿ, “(203)ರ ಪ್ರಕಾರ”.

ಅದಕ್ಕೆ ಏಳು ರಟ್ಟು ಇಟ್ಟರು. ಪ್ರೊಫೆಸರು ಏಳನ್ನೂ ಸರಿಸಿದರು. ಬೇರೆ ಏಳು ಇಟ್ಟರು. ಅದನ್ನೂ ಸರಿಸಿದರು. ಇನ್ನೂರರ ಆಸುಪಾಸಿನ ಬೇರೆ ಹಳೆಯ ಸಂಖ್ಯೆಗಳೆಲ್ಲ ಆರನೆಯ ಅಧ್ಯಾಯದಲ್ಲೇ ಸಿಕ್ಕಿದ್ದವು, ಹಾಗಾಗಿ ಮುಂದಿನ ವಾರ ಅಲ್ಲಿನ ನಲವತ್ತೆಂಟನ್ನೂ ಕಟ್ಟಿಕೊಂಡು ಹೋಗಿ ಒಂದೊಂದಾಗಿ ತೋರಿಸಿದರು. ನಲವತ್ತೆಂಟಕ್ಕೂ ತಲೆ ಅಲ್ಲಾಡಿತು. ಕೊನೆಗೆ ಪ್ರೊಫೆಸರು ಹಲಗೆಯನ್ನೇ ಎಡಗೈಯಿಂದ ನೂಕಿದರು, ರಟ್ಟುಗಳೆಲ್ಲ ಜಗಲಿ ತುಂಬ ಚೆಲ್ಲಿಹೋದವು. ಕಣ್ಣಲ್ಲಿ ನೀರು. ವೆಂಕಟಲಕ್ಷ್ಮಿ ಹೆದರಿ, ಇನ್ನು ಸಾಕಮ್ಮ, ಅವರನ್ನು ಬಿಟ್ಟುಬಿಡು ಎಂದರು.

ಅಚ್ಚುಕೂಟದಲ್ಲೂ ಅದೇ ಮಾತು. ಜೋಡಿಸಿದ ಮೊಳೆಗಳನ್ನು ಪುಟಪುಟವಾಗಿ ಕಟ್ಟಿ ಇಟ್ಟಾಗಿತ್ತು, ಅಚ್ಚಿಗೆ ಏರಿಸುವುದೊಂದು ಬಾಕಿ. ಗಂಗಾಧರಪ್ಪನವರು ಇವರ ಮೇಜಿನ ಹತ್ತಿರ ಬಂದು ನಿಂತರು.

“ಅಲ್ಲವ್ವ, ಸಾವಿರಾರು ನಂಬರದಾಗ ಒಂದಕ್ಕ ಯಾಕ ಇಷ್ಟು ಹಟ? ಹತ್ತಿರದ್ದು ಯಾವುದೋ ಒಂದು ಹಾಕಿಬಿಡು. ಯಾರು ಹೋಗಿ ನೋಡ್ತಾರ?”

ಜಲಜಾಕ್ಷಿಗೆ ಹಟವಿರಲಿಲ್ಲ, ಗೊಂದಲವಿತ್ತು. ಅರವತ್ತೆರಡು ಸಲ ಸರಿಯಾಗಿ ಬೆರಳಿಟ್ಟ ಮನುಷ್ಯ ಒಂದಕ್ಕೆ ಮಾತ್ರ ಯಾಕೆ ಎಲ್ಲವನ್ನೂ ತಳ್ಳುತ್ತಾರೆ? ಕಾಯಿಲೆ ತಲೆಗೇರಿದೆ ಎನ್ನುತ್ತಾರೆ ಎಲ್ಲರೂ. ಇರಬಹುದು. ತನಗೇನು ಗೊತ್ತು? ನಾಲ್ಕು ದಿನ ಬೆಳಿಗ್ಗೆ ಬಂದು ಕೂತರೆ ಬೇರೆ ಕೆಲಸ ಓಡಲಿಲ್ಲ. ಒಮ್ಮೆ ಅವರು ತಪ್ಪು ಅನ್ನಿಸುತ್ತದೆ, ಒಮ್ಮೆ ತಾನೇ ತಪ್ಪು ಅನ್ನಿಸುತ್ತದೆ. ಐದನೆಯ ದಿನ ಗಂಡನ ಹತ್ತಿರ ಹೇಳಿಕೊಂಡರು. ಕಿಟ್ಟಣ್ಣನಿಗೆ ಈ ಪುಸ್ತಕದ ತಲೆಬುಡ ತಿಳಿಯದು. ಅವರು ಊಟ ಮಾಡುತ್ತಲೇ ಹೇಳಿದರಂತೆ, ನಾವು ತಂದಿಟ್ಟದ್ದನ್ನೆಲ್ಲ ಗಿರಾಕಿ ಬೇಡ ಅಂದರೆ ಅವರಿಗೆ ಬೇಕಾದ್ದು ಅಡುಗೆಮನೆಯಲ್ಲೇ ಇಲ್ಲ ಅಂತ ಅರ್ಥ.

ಜಲಜಾಕ್ಷಿ ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಆ ಅಧ್ಯಾಯದಲ್ಲಿ ಅಚ್ಚಾದದ್ದನ್ನೆಲ್ಲ ತೋರಿಸಿದ್ದೆ. ಅಚ್ಚಾಗದೆ ಉಳಿದದ್ದು ಏನಾದರೂ ಇದ್ದರೆ?

ಮರುದಿನ ಬೆಳಗ್ಗೆ ಉಗ್ರಾಣದಿಂದ ಪ್ರೊಫೆಸರರ ಕೈಬರಹದ ಕಟ್ಟನ್ನು ಇಳಿಸಿ ಆರನೆಯ ಅಧ್ಯಾಯವನ್ನು ಒಂದೊಂದೇ ಹಾಳೆ ಎತ್ತಿ ನೋಡಿದರು. ಮೂಲೆಯ ಹಾಳೆಸಂಖ್ಯೆಗಳು ಒಂದೂ ತಪ್ಪಿರಲಿಲ್ಲ. ಆದರೆ 187 ಎಂಬ ಹಾಳೆ ಬೆರಳಿಗೆ ದಪ್ಪ ಹತ್ತಿತು. ಪ್ರೊಫೆಸರಿಗೆ ತಿದ್ದಿದ ಜಾಗಕ್ಕೆ ಚೀಟಿ ಅಂಟಿಸುವ ಅಭ್ಯಾಸ. ಆ ಅಂಟು ಹರಡಿ ಬೆನ್ನಿಗಿದ್ದ ಹಾಳೆಯೂ ಇದಕ್ಕೆ ಕಚ್ಚಿಕೊಂಡಿತ್ತು. ಬಿಸಿ ಕಾಫಿಯ ಲೋಟವನ್ನು ಮೇಲೆ ಇಟ್ಟು, ಅಂಟು ಸಡಿಲವಾದ ಮೇಲೆ ಮೆಲ್ಲಗೆ ಬಿಡಿಸಿದರು. ಒಳಗೆ ಇನ್ನೊಂದು ಹಾಳೆ. ಮೂಲೆಯಲ್ಲಿ 187ಎ. ಆಮೇಲೆ ಸೇರಿಸಿದ್ದು, ಆದ್ದರಿಂದ ಎಣಿಕೆಯಲ್ಲಿ ಅದರ ಕೊರತೆ ಕಾಣುತ್ತಲೇ ಇರಲಿಲ್ಲ. ಹನ್ನೊಂದು ಸಾಲು ಬರಹ, ಒಂದು ಸಮೀಕರಣ. ಅದರ ಪಕ್ಕ ಹಳೆಯ ಸಂಖ್ಯೆ ತಿದ್ದದೆ ಹಾಗೆಯೇ ಉಳಿದಿತ್ತು: (203).

ಸಂತೋಷ ಆಯಿತೇ ಎಂದು ಕೇಳಿದೆ.

“ಎಲ್ಲಿಯ ಸಂತೋಷ ಸಾರ್? ಪದ ನೋಡುವವರಿಗೆ ಆ ಅಧ್ಯಾಯದ ಮೂಲಪ್ರತಿ ಗಟ್ಟಿ ಓದಿದ್ದು ನಾನೇ. ಕರಡಿನ ಕೆಳಗೆ ನನ್ನದೇ ಸಹಿ ಉಂಟು. ಎರಡು ಹಾಳೆ ಒಟ್ಟಿಗೆ ಮಗುಚಿದ್ದು ನಾನು. ಇಷ್ಟು ದಿನ ಅವರಿಗೆ ತಲೆ ಸರಿ ಇಲ್ಲ ಅಂತ ಎಲ್ಲ ಹೇಳುವಾಗ ನಾನೂ ಒಂದೊಂದು ಸಲ ಹೌದಾ ಅಂದುಕೊಂಡಿದ್ದೆ.”

ಯಜಮಾನರಿಗೆ ಅಂದೇ ಹೇಳಿದರು. ಗಂಗಾಧರಪ್ಪನವರು ಹಾಳೆಯನ್ನು ನೋಡಿ, ಇವರನ್ನು ನೋಡಿ, ಒಳಗೆ ಹೋದರು. ಅವರು ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಜಲಜಾಕ್ಷಿ. ಆ ಭಾನುವಾರ ಹಾಳೆಯನ್ನು ಎದೆಗೆ ಅವಚಿಕೊಂಡು ಅಡ್ಯಾರಿಗೆ ಹೋದರು. ಹಲಗೆಯ ಮೇಲೆ ಅದೊಂದನ್ನೇ ಇಟ್ಟರು. ಪ್ರೊಫೆಸರು ತಮ್ಮದೇ ಅಕ್ಷರವನ್ನು ಬೆರಳಿನಿಂದ ಸವರಿದರು. ಇವರು ಹನ್ನೊಂದು ಸಾಲನ್ನೂ ಓದಿ, ತಪ್ಪು ನನ್ನದು ಸಾರ್, ಹಾಳೆ ಅಂಟಿಕೊಂಡದ್ದು ನಾನು ನೋಡಲಿಲ್ಲ, ನಿಮ್ಮನ್ನು ಅಷ್ಟು ವಾರ ಗೋಳು ಹೊಯ್ದುಕೊಂಡೆ ಎಂದು ಹೇಳಿ ಕಾಲಿಗೆ ಬಿದ್ದರು.

ಪ್ರೊಫೆಸರು ಎಡಗೈಯನ್ನು ಇವರ ತಲೆಯ ಮೇಲಿಟ್ಟು, “ಏಳು,” ಎಂದರು.

ಅದು ಅವರ ಬಳಿ ಇದ್ದ ಒಂದೇ ಮಾತೋ, ಅಥವಾ ಆ ಕ್ಷಣಕ್ಕೆ ಬೇಕೆಂದೇ ಆಡಿದ ಮಾತೋ? ನಾನು ವೆಂಕಟಲಕ್ಷ್ಮಿಯವರನ್ನೂ ಕೇಳಿ ನೋಡಿದೆ. ಅವರಿಗೂ ಗೊತ್ತಿಲ್ಲ. ಜಲಜಾಕ್ಷಿ ಹೇಳುವುದಿಷ್ಟೇ. “ನಾನು ಎದ್ದೆ. ಅವರು ನಗಾಡಿದ್ರು.”

ಇನ್ನು ಆ ಸಮೀಕರಣಕ್ಕೆ ಜಾಗ ಮಾಡುವ ಪ್ರಶ್ನೆ. ಅದು 6.22ರ ನಂತರ ಬರಬೇಕು. 6.22ಎ ಎಂದು ಕೊಟ್ಟುಬಿಟ್ಟರೆ ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ. 6.23 ಎಂದು ಕೊಟ್ಟರೆ ಮುಂದಿನ ಇಪ್ಪತ್ತಾರೂ ಒಂದೊಂದು ಸ್ಥಾನ ಸರಿಯಬೇಕು, ಪುಸ್ತಕದ ಉದ್ದಕ್ಕೂ ಅವುಗಳನ್ನು ನೆನೆಸಿಕೊಂಡ ಎಪ್ಪತ್ತೊಂದು ಜಾಗಗಳು ಬದಲಾಗಬೇಕು. ಅಚ್ಚುಕೂಟದವರೆಲ್ಲರ ಆಸೆ ‘ಎ’ ಮೇಲೆ. ಜಲಜಾಕ್ಷಿ ಎರಡು ಚೀಟಿ ಬರೆದು ಪ್ರೊಫೆಸರರ ಮುಂದೆ ಹಿಡಿದರು. ಬೆರಳು 6.23ರ ಮೇಲೆ ಬಿತ್ತು. ಅವರಿಗೆ ತಿಳಿಯಿತೋ ಇಲ್ಲವೋ ಎಂದು ಚೀಟಿಗಳನ್ನು ಎಡ ಬಲ ಅದಲು ಬದಲು ಮಾಡಿ ಮತ್ತೆ ಹಿಡಿದರು. 6.23. ಮೂರನೆಯ ಸಲವೂ 6.23. ಗಂಗಾಧರಪ್ಪನವರು ಇದನ್ನು ಕೇಳಿ, ಮಾತು ಹೋದರೂ ಲೇಖಕರು ಲೇಖಕರೇ ಎಂದು ಹಣೆ ಒತ್ತಿಕೊಂಡು, ಕಟ್ಟಿದ ಪುಟಗಳನ್ನು ಬಿಚ್ಚಲು ಹೇಳಿದರು.

ಹನ್ನೊಂದು ದಿನದ ಕೆಲಸ. ಜೋಡಿಸುವವರು 23ರಿಂದ ಶುರು ಮಾಡಲು ಹೋದಾಗ ಜಲಜಾಕ್ಷಿ ತಡೆದು, ಕೊನೆಯಿಂದ ಬನ್ನಿ ಎಂದರು. ಮೊದಲು 48 ಅನ್ನು 49 ಮಾಡಿ, ಆಮೇಲೆ 47 ಅನ್ನು 48. ಮುಂದಿನಿಂದ ಹೊರಟರೆ 23 ಹೋಗಿ 24 ಆದ ಕೂಡಲೇ ಹಳೆಯ 24 ಯಾವುದು, ಹೊಸ 24 ಯಾವುದು ಎಂದು ಯಾರಿಗೂ ತಿಳಿಯದೆ ಹೋಗುತ್ತದೆ. ಇದನ್ನು ನನಗೆ ಅವರು ಎರಡು ಸಲ ವಿವರಿಸಬೇಕಾಯಿತು.

ಪುಸ್ತಕ ಅರವತ್ತೆರಡರ ಜನವರಿಯಲ್ಲಿ ಹೊರಬಂತು. ಮುನ್ನುಡಿಯನ್ನು ಪ್ರೊಫೆಸರು ಕಾಯಿಲೆ ಬೀಳುವ ಮೊದಲೇ ಬರೆದಿದ್ದರಿಂದ ಅದರಲ್ಲಿ ಈ ಯಾವ ಸಂಗತಿಯೂ ಇಲ್ಲ. ಜಲಜಾಕ್ಷಿಯ ಹೆಸರೂ ಇಲ್ಲ. ಗಂಗಾಧರಪ್ಪನವರು ಒಂದು ಪ್ರತಿಯನ್ನು ಅವರಿಗೆ ಕೊಟ್ಟರು. ತ್ರಿಪ್ಲಿಕೇನಿನ ಅವರ ಒಂದೂವರೆ ಕೋಣೆಯ ಮನೆಯಲ್ಲಿ ಅದು ಸುಗುಣಾಳ ಶಾಲೆಯ ಪುಸ್ತಕಗಳ ಜೊತೆ ಇದೆ. ಹೆಸರಿಲ್ಲದ್ದಕ್ಕೆ ಬೇಸರವಿಲ್ಲವೇ ಎಂಬ ನನ್ನ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ. ನನ್ನ ಹೆಸರು ಹಾಕಿ ಎಂತ ಬರೆಯುವುದು, ಹಾಳೆ ಮಗುಚಿದವಳು ಅಂತಲಾ ಎಂದು ಕೇಳಿದರು.

ಈಗ ಅವರ ಮೇಜಿನ ಮೇಲಿರುವುದು ಬೊಂಬಾಯಿಯ ಒಬ್ಬರ ಪುಸ್ತಕ, ಒಂಬೈನೂರು ಸಮೀಕರಣ. ಅದರಲ್ಲೇ ಇಂದು ಎರಡು ಹದಿನಾರು ಸಿಕ್ಕಿರುವುದು. ಅದು ಲೇಖಕರ ತಪ್ಪೋ ಜೋಡಿಸಿದವರ ತಪ್ಪೋ ನೋಡಬೇಕು. ಹಾಳೆಗಳನ್ನು ಮಗುಚುವ ಮೊದಲು ಪ್ರತಿಯೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಾರೆ. ಮೂರು ವರ್ಷದಿಂದ ಬಂದ ಅಭ್ಯಾಸವಂತೆ.

ಈ ಲೇಖನ ಮುಗಿಸುವ ಮುನ್ನ ನಾನು ಒಂದು ಕೆಲಸ ಮಾಡಿದೆ. ಗ್ರಂಥಾಲಯಕ್ಕೆ ಹೋಗಿ ಪ್ರೊಫೆಸರ್ ರಘುರಾಮ ಅವರ ಪುಸ್ತಕ ತೆಗೆಸಿದೆ. ಒಂದು ಸಾಲೂ ತಿಳಿಯಲಿಲ್ಲ. ಆದರೂ ಕಣ್ಣಿಗೆ ಬಿದ್ದ ಪುಟ ತೆರೆದು, ಅಲ್ಲಿ ಯಾವ ಸಂಖ್ಯೆಯ ಪ್ರಸ್ತಾಪವಿದೆಯೋ ಅದನ್ನು ಹುಡುಕಿಕೊಂಡು ಹಿಂದಕ್ಕೆ ಹೋದೆ. ವಾಕ್ಯದಲ್ಲಿ ಕಂಡ ಅಕ್ಷರಗಳೇ ಅಲ್ಲೂ ಇದ್ದವು. ಮಧ್ಯಾಹ್ನವೆಲ್ಲ ಹೀಗೆ ಮೂವತ್ತು ನೋಡಿದೆ. ಮೂವತ್ತೂ ಇರಬೇಕಾದಲ್ಲೇ ಇದ್ದವು. ಮರುದಿನ ಬೆಳಿಗ್ಗೆ ಆರಕ್ಕೆ ಹೋಗಿ ಜಲಜಾಕ್ಷಿಗೆ ಈ ಸುದ್ದಿ ಹೇಳಿದೆ. ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ಸಿಲು ಕೆಳಗಿಟ್ಟು ನನ್ನನ್ನೇ ನೋಡಿದರು.

“ಮೂವತ್ತೇ ನೋಡಿದ್ದಾ? ಒಟ್ಟು ಸಾವಿರದ ನೂರ ಹದಿನೆಂಟು ಉಂಟು ಸಾರ್. ಪುರುಸೊತ್ತಾದಾಗ ಉಳಿದದ್ದನ್ನೂ ನೋಡಿ. ಎಲ್ಲಿಯಾದ್ರೂ ತಪ್ಪು ಸಿಕ್ಕಿದ್ರೆ ನನಗೆ ಒಂದು ಕಾರ್ಡು ಹಾಕಿ.”